ನೆರೆ ಪರಿಹಾರಕ್ಕೆ ಯಾರು ಪರ, ಯಾರು ವಿರೋಧ: ಕಾಂಗ್ರೆಸ್.ಗವ್ ಮತ್ತು ಗವ್‌ಟ್ರ್ಯಾಕ್ ಬಳಸಿ ನೋಡಿದ್ದು

ಚಂಡಮಾರುತದ ಸೀಸನ್ ಶುರುವಾದರೆ ಸಾಕು, ಹೂಸ್ಟನ್ ಸುತ್ತಮುತ್ತಲಿನ ನಮ್ಮ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಅದೇ ಜಗಳ ಮತ್ತೆ ಏಳುತ್ತದೆ. ನಮ್ಮ ಟೆಕ್ಸಸ್‌ನ ಸೆನೆಟರ್ ಟೆಡ್ ಕ್ರೂಜ್ 2013ರಲ್ಲಿ ನ್ಯೂಯಾರ್ಕ್, ನ್ಯೂಜೆರ್ಸಿಯವರಿಗೆ ಸ್ಯಾಂಡಿ ಚಂಡಮಾರುತದ ಪರಿಹಾರ ಬೇಡ ಅಂದರು, 2017ರಲ್ಲಿ ಹಾರ್ವಿ ಚಂಡಮಾರುತ ನಮ್ಮ ಮೇಲೆ ಬಂದಾಗ ಬೇಕು ಅಂದರು, ಇದು ಯಾವ ನ್ಯಾಯ ಅಂತ ಒಬ್ಬರು ಕೇಳುತ್ತಾರೆ. ಆ ಮಸೂದೆಯಲ್ಲಿ ಏನೇನೋ ತುರುಕಿದ್ದರು, ಅದಕ್ಕೇ ವಿರೋಧಿಸಿದರು ಅಂತ ಇನ್ನೊಬ್ಬರು. ಇಬ್ಬರೂ ಸಾಕ್ಷಿ ಅಂತ ಕಳಿಸುವುದು ಯಾರೋ ಮಾಡಿದ ಚಿತ್ರ, ಎಲ್ಲೋ ಸಿಕ್ಕ ಟಿವಿ ತುಣುಕು. ಮೂಲ ದಾಖಲೆ ತೆರೆದು ನೋಡುವವರು ಕಡಿಮೆ.

ಆ ದಾಖಲೆ ಪುಕ್ಕಟೆ ಸಿಗುತ್ತದೆ. ಲಾಗಿನ್ ಕೂಡ ಬೇಡ. ಸಿಟಿಜನ್ ಆಗಿ ಓಟು ಹಾಕುವವರು ನಮ್ಮಲ್ಲಿ ಈಗ ಎಷ್ಟೊಂದು ಜನ ಇದ್ದಾರೆ, ಅವರಿಗೆಲ್ಲ ಇದು ಬೇಕು. ಅದಕ್ಕೇ ಈ ರಿವ್ಯೂ.

ನಾನು ಮುಖ್ಯವಾಗಿ ಬಳಸುವುದು ಎರಡು. ಒಂದು ಕಾಂಗ್ರೆಸ್.ಗವ್, ಅಂದರೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನ ಮಸೂದೆಗಳ ಸೈಟು. ಇದನ್ನು ನಡೆಸುವುದು ಲೈಬ್ರರಿ ಆಫ್ ಕಾಂಗ್ರೆಸ್. 2012ರಲ್ಲಿ ಶುರುವಾಗಿ, ಅದಕ್ಕಿಂತ ಮುಂಚೆ ಇದ್ದ ಥಾಮಸ್ ಅನ್ನುವ ಹಳೆಯ ಸೈಟಿನ ಜಾಗಕ್ಕೆ ಬಂತು. ಇನ್ನೊಂದು ಗವ್‌ಟ್ರ್ಯಾಕ್. ಹೆಸರು ನೋಡಿ ಸರ್ಕಾರದ್ದು ಅಂದುಕೊಳ್ಳಬೇಡಿ, ಇದು ಖಾಸಗಿ. 2004ರಿಂದ ಇದೆ. ಇವೆರಡರ ಜೊತೆ ಹೌಸ್‌ನ (ಕಾಂಗ್ರೆಸ್‌ನ ಕೆಳಮನೆ) ಕ್ಲರ್ಕ್ ಕಚೇರಿಯ ಸೈಟು, ಸೆನೆಟ್‌ನ (ಮೇಲ್ಮನೆ) ಸ್ವಂತ ಸೈಟು. ಯಾರು ಹೇಗೆ ಮತ ಹಾಕಿದರು ಅನ್ನುವ ಅಧಿಕೃತ ಪಟ್ಟಿ ಇರುವುದು ಈ ಕೊನೆಯ ಎರಡರಲ್ಲಿ.

ಮೊದಲ ತೊಡಕು ಇಲ್ಲೇ ಬರುತ್ತದೆ. ಕಾಂಗ್ರೆಸ್.ಗವ್‌ನಲ್ಲಿ ಕ್ರೂಜ್ ಹೆಸರು ಹುಡುಕಿ ಅವರ ಪುಟಕ್ಕೆ ಹೋದರೆ ಅವರು ಮಂಡಿಸಿದ ಮಸೂದೆಗಳು, ಜೊತೆಗೆ ಸಹಿ ಹಾಕಿದ ಮಸೂದೆಗಳು ಉದ್ದಕ್ಕೆ ಬರುತ್ತವೆ. ನಮಗೆ ಬೇಕಾದದ್ದು ಅದಲ್ಲ, ಮತ. ಹೆಸರಿನಿಂದ ಮತಕ್ಕೆ ಹೋಗುವ ದಾರಿ ಇಲ್ಲಿ ನೇರವಾಗಿಲ್ಲ. ಮಸೂದೆ ಹುಡುಕಬೇಕು, ಅದರ 'ಆ್ಯಕ್ಷನ್ಸ್' ಟ್ಯಾಬ್ ತೆರೆಯಬೇಕು, ಅಲ್ಲಿ ಮತದ ಸಂಖ್ಯೆ ಒತ್ತಬೇಕು. ಹೊಸಬರು ಮೊದಲ ಪುಟದಲ್ಲೇ ಸುಸ್ತಾಗಿ ವಾಪಸ್ ಹೋಗುತ್ತಾರೆ, ತಪ್ಪು ಅವರದ್ದಲ್ಲ.

ಆದರೆ ಆ ಆ್ಯಕ್ಷನ್ಸ್ ಟ್ಯಾಬ್ ಇದೆಯಲ್ಲ, ಈ ಸೈಟಿನ ಜೀವ ಇರುವುದೇ ಅಲ್ಲಿ. ಸ್ಯಾಂಡಿಯನ್ನೇ ತೆಗೆದುಕೊಳ್ಳಿ. 2012ರ ಅಕ್ಟೋಬರ್ 29ಕ್ಕೆ ನ್ಯೂಜೆರ್ಸಿ ತೀರಕ್ಕೆ ಅಪ್ಪಳಿಸಿತು. ಡಿಸೆಂಬರ್ 28ಕ್ಕೆ ಸೆನೆಟ್ 60.4 ಬಿಲಿಯನ್ ಡಾಲರ್ ಮಸೂದೆಯನ್ನು 62-32ರಲ್ಲಿ ಪಾಸ್ ಮಾಡಿತು. ಹೌಸ್ ಅದನ್ನು ಕೈಗೆತ್ತಿಕೊಳ್ಳಲೇ ಇಲ್ಲ. ಜನವರಿ 3ಕ್ಕೆ ಆ ಕಾಂಗ್ರೆಸ್‌ನ ಎರಡು ವರ್ಷದ ಅವಧಿ ಮುಗಿಯಿತು, ಮಸೂದೆ ಅಲ್ಲಿಗೇ ಸತ್ತಿತು. ನ್ಯೂಜೆರ್ಸಿಯ ಆಗಿನ ಗವರ್ನರ್ ಕ್ರಿಸ್ ಕ್ರಿಸ್ಟಿ ತಮ್ಮದೇ ಪಕ್ಷದ ಸ್ಪೀಕರ್ ಜಾನ್ ಬೇನರ್ ಮೇಲೆ ಬಹಿರಂಗವಾಗಿ ಸಿಟ್ಟಾದದ್ದು ಇದಕ್ಕೇ. ಆಮೇಲೆ ಹೊಸ ಕಾಂಗ್ರೆಸ್ ಬಂತು. ಜನವರಿ 4ಕ್ಕೆ ಪ್ರವಾಹ ವಿಮೆಗೆ 9.7 ಬಿಲಿಯನ್ ಸಾಲ ಪಡೆಯುವ ಅಧಿಕಾರ ಕೊಡುವ ಎಚ್.ಆರ್. 41 (ಎಚ್.ಆರ್. ಅಂದರೆ ಹೌಸ್‌ನಲ್ಲಿ ಮಂಡಿಸಿದ ಮಸೂದೆ). ಜನವರಿ 15ಕ್ಕೆ ದೊಡ್ಡದು, ಎಚ್.ಆರ್. 152, ಸುಮಾರು 50 ಬಿಲಿಯನ್. ಇದು ಹೌಸ್‌ನಲ್ಲಿ 241-180ರಲ್ಲಿ ಗೆದ್ದಿತು, ಸೆನೆಟ್‌ನಲ್ಲಿ ಜನವರಿ 28ಕ್ಕೆ 62-36, ಮರುದಿನ ಒಬಾಮಾ ಸಹಿ.

ಇಷ್ಟೂ ಕಥೆ ಆ ಟ್ಯಾಬ್‌ಗಳಲ್ಲಿ ತಾರೀಕಿನ ಪ್ರಕಾರ ಸಾಲಾಗಿ ಕೂತಿದೆ. ಓದಿದ ತಕ್ಷಣ ಒಂದು ವಿಷಯ ಸ್ಪಷ್ಟವಾಗುತ್ತದೆ. ಕ್ರೂಜ್ ಸೆನೆಟ್‌ಗೆ ಬಂದದ್ದೇ 2013ರ ಜನವರಿಯಲ್ಲಿ. ಡಿಸೆಂಬರ್ ಮತದ ಹೊತ್ತಿಗೆ ಅವರು ಅಲ್ಲಿರಲೇ ಇಲ್ಲ. ಅವರು ಸ್ಯಾಂಡಿ ಹಣಕ್ಕೆ ಮತ್ತೆ ಮತ್ತೆ ಅಡ್ಡಗಾಲು ಹಾಕಿದರು ಅಂತ ಓಡಾಡುವ ಮಾತು ಹೀಗಾಗಿ ನಿಲ್ಲುವುದಿಲ್ಲ. ಅಂತಿಮವಾಗಿ ಮಸೂದೆ ಬೇಕೇ ಬೇಡವೇ ಅನ್ನುವುದಕ್ಕೆ ಅವರ ಮತ ಇರುವುದು ಒಂದೇ ಸಲ, ಜನವರಿ 28, ವಿರೋಧ. ಟೆಕ್ಸಸ್‌ನ ಇನ್ನೊಬ್ಬ ಸೆನೆಟರ್ ಜಾನ್ ಕಾರ್ನಿನ್ ಕೂಡ ಅವತ್ತು ವಿರೋಧವೇ. ಅವರ ಹೆಸರು ಯಾಕೋ ಯಾವ ಚಿತ್ರದಲ್ಲೂ ಬರುವುದಿಲ್ಲ.

ಈಗ ಕ್ರೂಜ್ ಕೊಟ್ಟ ಸಮಜಾಯಿಷಿ. ಹಾರ್ವಿ ಬಂದ ವಾರದಲ್ಲೇ ಪತ್ರಕರ್ತರು ಕೇಳಿದಾಗ, ಆ ಮಸೂದೆಯ ಮೂರರಲ್ಲಿ ಎರಡು ಪಾಲಿಗೂ ಸ್ಯಾಂಡಿಗೂ ಸಂಬಂಧವೇ ಇರಲಿಲ್ಲ ಅಂದರು. ಇದನ್ನು ನಾವೇ ಪರೀಕ್ಷೆ ಮಾಡಬಹುದು, ಅದೇ ಈ ಸೈಟಿನ ದೊಡ್ಡ ಉಪಕಾರ. ಎಚ್.ಆರ್. 152ರ 'ಟೆಕ್ಸ್ಟ್' ಟ್ಯಾಬ್ ತೆರೆಯಿರಿ. ಬಸ್ಸು, ರೈಲು, ಸಬ್‌ವೇಗಳಿಗೆ 10.9 ಬಿಲಿಯನ್. ಊರುಗಳ ಪುನರ್ನಿರ್ಮಾಣ ಅನುದಾನಕ್ಕೆ 16 ಬಿಲಿಯನ್. ಕೇಂದ್ರ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆಯಾದ ಫೀಮಾದ ವಿಪತ್ತು ಪರಿಹಾರ ನಿಧಿಗೆ ಸುಮಾರು 11.5 ಬಿಲಿಯನ್. ಸೈನ್ಯದ ಎಂಜಿನಿಯರ್ ವಿಭಾಗಕ್ಕೆ 5 ಬಿಲಿಯನ್ ಮೇಲೆ. ದೊಡ್ಡ ಮೊತ್ತಗಳು ಇವೇ. ಪುನರ್ನಿರ್ಮಾಣದ ಹಣದಲ್ಲಿ 2011ರಿಂದ 2013ರವರೆಗಿನ ಬೇರೆ ವಿಪತ್ತುಗಳಿಗೂ ಅವಕಾಶ ಇತ್ತು, ಅದು ನಿಜ. ತುಂಬಾ ಜನ ಹಿಡಿದುಕೊಂಡಿರುವ ಅಲಾಸ್ಕಾ ಮೀನುಗಾರಿಕೆಯ ಹಣ ಇದ್ದದ್ದು ಡಿಸೆಂಬರ್‌ನ ಆ ಸತ್ತ ಮಸೂದೆಯಲ್ಲಿ. ಎರಡನ್ನೂ ಬೆರೆಸಿ ಮಾತಾಡಿದರೆ ಲೆಕ್ಕ ತಪ್ಪುತ್ತದೆ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ, ಮೂರರಲ್ಲಿ ಎರಡು ಪಾಲು ಅನ್ನುವ ಮಾತಿಗೆ ಆ ಪಠ್ಯದಲ್ಲಿ ಆಧಾರ ಇಲ್ಲ. ವಾಷಿಂಗ್ಟನ್ ಪೋಸ್ಟ್‌ನ ಫ್ಯಾಕ್ಟ್‌ಚೆಕ್‌ನವರೂ ಆಗ ಅದನ್ನು ಒಪ್ಪಲಿಲ್ಲ.

ಇನ್ನು 'ಅಮೆಂಡ್‌ಮೆಂಟ್ಸ್' ಟ್ಯಾಬ್. ಇದನ್ನು ಯಾರೂ ನೋಡುವುದಿಲ್ಲ, ಆದರೆ ನಿಜವಾದ ತಕರಾರು ಏನಿತ್ತು ಅಂತ ಗೊತ್ತಾಗುವುದು ಇಲ್ಲಿ. ಹೌಸ್‌ಗೆ ಮೊದಲು ಬಂದದ್ದು 17 ಬಿಲಿಯನ್‌ನ ಮಸೂದೆ. ಅದಕ್ಕೆ ಇನ್ನೂ 33 ಬಿಲಿಯನ್ ಮೇಲೆ ಸೇರಿಸುವ ತಿದ್ದುಪಡಿ ತಂದದ್ದು ನ್ಯೂಜೆರ್ಸಿಯ ರಿಪಬ್ಲಿಕನ್ ರಾಡ್ನಿ ಫ್ರೀಲಿಂಗ್‌ಹೈಸನ್. 228-192ರಲ್ಲಿ ಪಾಸಾಯಿತು. ಸೌತ್ ಕ್ಯಾರೊಲಿನಾದ ಮಿಕ್ ಮಲ್ವೇನಿ ಇನ್ನೊಂದು ತಿದ್ದುಪಡಿ ತಂದರು. ಪರಿಹಾರ ಕೊಡೋಣ, ಆದರೆ ಅಷ್ಟೇ ಹಣವನ್ನು ಬೇರೆ ಖರ್ಚುಗಳಿಂದ ಕಡಿತ ಮಾಡೋಣ ಅಂತ. 162-258ರಲ್ಲಿ ಬಿದ್ದುಹೋಯಿತು. ಸಾಲ ಮಾಡಿ ಪರಿಹಾರ ಕೊಡಬಾರದು ಅನ್ನುವುದು ಒಂದು ನಿಲುವು. ಅದನ್ನು ಒಪ್ಪದಿದ್ದರೂ ಅರ್ಥ ಮಾಡಿಕೊಳ್ಳಬಹುದು. ಆದರೆ ಅದೇ ಮಲ್ವೇನಿ 2017ರಲ್ಲಿ ಶ್ವೇತಭವನದ ಬಜೆಟ್ ಮುಖ್ಯಸ್ಥರಾಗಿ ಹಾರ್ವಿಗೆ 7.85 ಬಿಲಿಯನ್ ಕೇಳಿ ಕಾಂಗ್ರೆಸ್‌ಗೆ ಪತ್ರ ಬರೆದಾಗ ಕಡಿತದ ಮಾತು ಅದರಲ್ಲಿರಲಿಲ್ಲ. ಎರಡೂ ದಾಖಲೆ ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಬೇಜಾರಾಯಿತು. ನ್ಯೂಜೆರ್ಸಿಯ ಕಡಲ ದಂಡೆಯಲ್ಲಿ ಮನೆ ಕಳೆದುಕೊಂಡವರು ಮೂರು ತಿಂಗಳು ಕಾದರು, ನಮಗೆ ಎರಡು ವಾರದಲ್ಲಿ ಹಣ ಮಂಜೂರಾಯಿತು. ನಮಗೆ ಬೇಗ ಸಿಕ್ಕಿದ್ದು ಸರಿಯೇ. ಅವರಿಗೂ ಹಾಗೇ ಸಿಗಬೇಕಿತ್ತು.

ಹುಡುಕುವಾಗ ತಪ್ಪಿ ಬೀಳುವ ಜಾಗಗಳನ್ನೂ ಹೇಳಿಬಿಡುತ್ತೇನೆ. ಮಸೂದೆ ಸಂಖ್ಯೆಗಳು ಎರಡು ವರ್ಷಕ್ಕೊಮ್ಮೆ ಮತ್ತೆ ಒಂದರಿಂದ ಶುರುವಾಗುತ್ತವೆ. ಡಿಸೆಂಬರ್ 2012ರ ಸ್ಯಾಂಡಿ ಮಸೂದೆಯ ಸಂಖ್ಯೆ ಎಚ್.ಆರ್. 1. ಸುಮ್ನೆ 'ಎಚ್.ಆರ್. 1' ಅಂತ ಹಾಕಿದರೆ ಪ್ರತಿ ಕಾಂಗ್ರೆಸ್‌ನಲ್ಲೂ ಒಂದೊಂದು ಸಿಗುತ್ತದೆ. 112ನೇ ಕಾಂಗ್ರೆಸ್ (2011-12ರದ್ದು) ಅಂತ ಆರಿಸಿಕೊಳ್ಳಲೇಬೇಕು. ಆರಿಸಿಕೊಂಡ ಮೇಲೂ ಗೊಂದಲ, ಯಾಕಂದರೆ ಅದು 2011ರಲ್ಲಿ ಹೌಸ್ ಪಾಸ್ ಮಾಡಿದ್ದ ವಾರ್ಷಿಕ ಖರ್ಚಿನ ಮಸೂದೆ. ಸೆನೆಟ್‌ನವರು ಅದರ ಒಳಗಿದ್ದದ್ದನ್ನು ತೆಗೆದು ಸ್ಯಾಂಡಿ ಹಣ ತುಂಬಿದರು. 2011ರ ಹೌಸ್ ಮತ, 2012ರ ಸೆನೆಟ್ ಮತ, ಎರಡೂ ಒಂದೇ ಸಂಖ್ಯೆಯ ಕೆಳಗೆ. ತಾರೀಕು ನೋಡದೆ ಹೌಸ್ ಮತ ತೆಗೆದುಕೊಂಡರೆ ಸ್ಯಾಂಡಿಗೂ ಅದಕ್ಕೂ ಸಂಬಂಧವೇ ಇರುವುದಿಲ್ಲ.

ಹಾರ್ವಿಯದ್ದು ಇನ್ನೂ ವಿಚಿತ್ರ. 2017ರ ಆಗಸ್ಟ್ 25ಕ್ಕೆ ಹಾರ್ವಿ ರಾಕ್‌ಪೋರ್ಟ್ ಹತ್ತಿರ ನೆಲ ಮುಟ್ಟಿತು, ಆಮೇಲೆ ದಿನಗಟ್ಟಲೆ ಮಳೆ. ನೆದರ್‌ಲ್ಯಾಂಡ್ ಅನ್ನುವ ಊರಲ್ಲಿ 60 ಇಂಚು ದಾಟಿತು. ಮೊದಲ ಪರಿಹಾರ ಹೋದದ್ದು ಎಚ್.ಆರ್. 601ರಲ್ಲಿ. ಈ 601 ಮೂಲದಲ್ಲಿ ಬೇರೆ ದೇಶಗಳ ಮಕ್ಕಳ ಶಿಕ್ಷಣಕ್ಕೆ ಸಂಬಂಧಿಸಿದ ಮಸೂದೆ! ನ್ಯೂಯಾರ್ಕ್‌ನ ನೀಟಾ ಲೋವಿ ಮಂಡಿಸಿದ್ದು. ಅರ್ಧ ದಾರಿ ಬಂದಿದ್ದ ಮಸೂದೆ ಅಂತ ಅದಕ್ಕೇ ಹಾರ್ವಿ ಹಣ ಕಟ್ಟಿ ಕಳಿಸಿದರು. 'ಹಾರ್ವಿ' ಅಂತ ಹುಡುಕುವವರಿಗೆ ಇದು ಸುಲಭವಾಗಿ ಕಣ್ಣಿಗೆ ಬೀಳಲ್ಲ.

ಸಿಕ್ಕ ಮೇಲೆ ನಿಧಾನವಾಗಿ ಓದಿ. ಸೆಪ್ಟೆಂಬರ್ 6, ಹೌಸ್, ಹಾರ್ವಿಗೆ 7.85 ಬಿಲಿಯನ್: 419-3. ವಿರೋಧಿಸಿದ ಮೂವರು ಮಿಷಿಗನ್‌ನ ಜಸ್ಟಿನ್ ಅಮಾಶ್, ಅರಿಜೋನಾದ ಆ್ಯಂಡಿ ಬಿಗ್ಸ್, ಕೆಂಟಕಿಯ ಥಾಮಸ್ ಮ್ಯಾಸಿ. ಟೆಕ್ಸಸ್‌ನವರು ಒಬ್ಬರೂ ಇಲ್ಲ. ಮರುದಿನ ಸೆನೆಟ್ ಆ ಮೊತ್ತವನ್ನು 15.25 ಬಿಲಿಯನ್‌ಗೆ ಏರಿಸಿ, ಜೊತೆಗೆ ಸರ್ಕಾರದ ಸಾಲದ ಮಿತಿ ಮುಂದೂಡುವುದು, ಡಿಸೆಂಬರ್‌ವರೆಗಿನ ಖರ್ಚಿಗೆ ಅನುಮತಿ, ಇಷ್ಟನ್ನೂ ಸೇರಿಸಿ 80-17ರಲ್ಲಿ ಪಾಸ್ ಮಾಡಿತು. ಕ್ರೂಜ್, ಕಾರ್ನಿನ್ ಇಬ್ಬರೂ ಪರ. ಸೆಪ್ಟೆಂಬರ್ 8ಕ್ಕೆ ಅದು ಹೌಸ್‌ಗೆ ವಾಪಸ್ ಬಂದಾಗ 316-90. ವಿರೋಧದ 90 ಜನರೂ ರಿಪಬ್ಲಿಕನ್ನರು, ಅವರಲ್ಲಿ ನಾಲ್ವರು ಟೆಕ್ಸಸ್‌ನವರೇ: ಜೋ ಬಾರ್ಟನ್, ಜೆಬ್ ಹೆನ್ಸರ್‌ಲಿಂಗ್, ಸ್ಯಾಮ್ ಜಾನ್ಸನ್, ಮ್ಯಾಕ್ ಥಾರ್ನ್‌ಬೆರಿ.

ಈ ನಾಲ್ವರು ಹೂಸ್ಟನ್‌ಗೆ ದ್ರೋಹ ಮಾಡಿದರಾ? ಸೆಪ್ಟೆಂಬರ್ 8ರ ಪುಟವೊಂದನ್ನೇ ತೋರಿಸಿ ಹಾಗೆ ಹೇಳಿಬಿಡಬಹುದು. ಎರಡು ದಿನ ಹಿಂದಿನ ಸಾಲು ನೋಡಿದರೆ ಆ ಮಾತು ನಿಲ್ಲಲ್ಲ. ಅವರ ತಕರಾರು ಸಾಲದ ಮಿತಿಯ ಬಗ್ಗೆ. ಅದು ಸರಿಯೋ ತಪ್ಪೋ ಚರ್ಚೆ ಮಾಡೋಣ, ಆದರೆ ಅದನ್ನು ನೆರೆ ಸಂತ್ರಸ್ತರ ವಿರುದ್ಧದ ಮತ ಅಂತ ಮಾರಬಾರದು. ಸ್ಯಾಂಡಿ ವಿಷಯದಲ್ಲಿ ಕ್ರೂಜ್ ಕಡೆಯವರಿಗೆ ಹೇಳಿದ ಮಾತನ್ನೇ ಇಲ್ಲಿ ಎದುರು ಕಡೆಯವರಿಗೂ ಹೇಳುತ್ತೇನೆ. ಒಂದೇ ಮತದ ಸ್ಕ್ರೀನ್‌ಶಾಟ್ ಕಳಿಸುವವರನ್ನು ನಂಬಬೇಡಿ, ಹಿಂದು ಮುಂದಿನ ಸಾಲು ಕೇಳಿ.

ಈಗ ಗವ್‌ಟ್ರ್ಯಾಕ್. ನೋಡಲು ಇದೇ ಚಂದ. ಒಂದು ಮತದ ಪುಟ ತೆರೆದರೆ ದೇಶದ ನಕ್ಷೆ, ಬಣ್ಣ, ಪಕ್ಷದ ಲೆಕ್ಕ ಎಲ್ಲ ಒಟ್ಟಿಗೆ. ಸದಸ್ಯರ ಪುಟದಲ್ಲಿ ಎಷ್ಟು ಮತಗಳಿಗೆ ಗೈರು ಅಂತಲೂ ತೋರಿಸುತ್ತದೆ, ಕಾಂಗ್ರೆಸ್.ಗವ್‌ನಲ್ಲಿ ಇದು ಸಿಗಲ್ಲ. ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ರಾಜ್ಯದ ಪ್ರಕಾರ ಜೋಡಿಸುವ ಸೌಲಭ್ಯ. ಎಚ್.ಆರ್. 152ರ ಹೌಸ್ ಮತವನ್ನು ಹಾಗೆ ಜೋಡಿಸಿ ಟೆಕ್ಸಸ್‌ಗೆ ಬನ್ನಿ. ರಿಪಬ್ಲಿಕನ್ನರ ಹೆಸರಿನ ಪಕ್ಕ ವಿರೋಧ, ವಿರೋಧ, ವಿರೋಧ. ಮಧ್ಯೆ ಒಬ್ಬರೇ ಪರ, ಜಾನ್ ಕಲ್ಬರ್ಸನ್. ಅವರ ಕ್ಷೇತ್ರ ಹೂಸ್ಟನ್‌ನ ಪಶ್ಚಿಮ ಭಾಗ. ನಾಲ್ಕೂವರೆ ವರ್ಷದ ನಂತರ ಆ್ಯಡಿಕ್ಸ್, ಬಾರ್ಕರ್ ಜಲಾಶಯಗಳ ಗೇಟು ತೆಗೆದಾಗ ನೀರು ನುಗ್ಗಿದ ಬಡಾವಣೆಗಳು ಇದೇ ಭಾಗದಲ್ಲಿದ್ದವು. ಆ ಮನುಷ್ಯ ಅವತ್ತು ಬೇರೆ ರಾಜ್ಯದವರಿಗೆ ಪರ ನಿಂತದ್ದು ನನಗೆ ದೊಡ್ಡ ವಿಷಯ ಅನಿಸುತ್ತದೆ. ಹಾಗೇ ನ್ಯೂಯಾರ್ಕ್‌ನ ಪೀಟರ್ ಕಿಂಗ್ 2017ರಲ್ಲಿ, ಟೆಕ್ಸಸ್‌ನವರು ನಮಗೆ ಮಾಡಿದ್ದು ನೆನಪಿದೆ, ಆದರೂ ನಾನು ಹಾರ್ವಿಗೆ ಪರ ಮತ ಹಾಕುತ್ತೇನೆ ಎಂಬ ಅರ್ಥದಲ್ಲಿ ಬರೆದರು, ಹಾಕಿದರು. ಇಂಥವರ ಹೆಸರು ಹುಡುಕಲಿಕ್ಕೂ ಈ ಸೈಟುಗಳು ಬೇಕು. ಬೈಯಲಿಕ್ಕೆ ಮಾತ್ರ ದಾಖಲೆ ತೆರೆಯುವುದು ಅಭ್ಯಾಸ ಆಗಬಾರದು, ಅಲ್ವಾ?

ಹುದ್ದೆ ಬಿಟ್ಟವರ ದಾಖಲೆಯೂ ಎರಡೂ ಕಡೆ ಹಾಗೇ ಇರುತ್ತದೆ. ಫ್ಲಾರಿಡಾದ ಗವರ್ನರ್ ರಾನ್ ಡಿಸ್ಯಾಂಟಿಸ್ 2013ರ ಜನವರಿ 3ಕ್ಕೆ ಹೌಸ್ ಸದಸ್ಯರಾಗಿ ಪ್ರಮಾಣವಚನ ತೆಗೆದುಕೊಂಡರು. ಮರುದಿನವೇ ಬಂತು ಆ ಪ್ರವಾಹ ವಿಮೆಯ ಎಚ್.ಆರ್. 41. ಅದು 354-67ರಲ್ಲಿ ಪಾಸಾಯಿತು, ಆ 67ರಲ್ಲಿ ಅವರೊಬ್ಬರು. 2022ರಲ್ಲಿ ಇಯಾನ್ ಚಂಡಮಾರುತ ಫ್ಲಾರಿಡಾಗೆ ಬಂದಾಗ ಕೇಂದ್ರದ ನೆರವು ಕೇಳಿದ ಗವರ್ನರ್ ಅವರೇ. ಹತ್ತು ವರ್ಷ ಹಳೆಯ ಮತ ಒಂದೆರಡು ನಿಮಿಷದಲ್ಲಿ ಸಿಗುತ್ತದೆ ಅಂದರೆ ಸಣ್ಣ ಮಾತಲ್ಲ. ಹೌಸ್‌ನ ಕ್ಲರ್ಕ್ ಸೈಟಿನಲ್ಲಿ 1990ರಿಂದ, ಸೆನೆಟ್ ಸೈಟಿನಲ್ಲಿ 1989ರಿಂದ ಮತಗಳಿವೆ.

ಈ ಸೇವೆಗಳ ದೊಡ್ಡ ಕೊರತೆ ಏನು ಅಂದರೆ, ಹೆಸರು ಕರೆದು ಮತ ಎಣಿಸದಿದ್ದರೆ ಯಾರ ಹೆಸರಿನ ಮುಂದೂ ಏನೂ ಬರಲ್ಲ. ಅದೇ ಎಚ್.ಆರ್. 41 ಸೆನೆಟ್‌ನಲ್ಲಿ ಅದೇ ದಿನ ಹೆಸರು ಕರೆಯದೆ ಪಾಸಾಯಿತು. ಹಾಗಾಗಿ ಪ್ರವಾಹ ವಿಮೆಗೆ ಯಾವ ಸೆನೆಟರ್ ಏನು ಅಂದರು ಅಂತ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಇದಕ್ಕಿಂತ ಬೇಸರದ ಉದಾಹರಣೆ 2019ರದ್ದು. ಚಂಡಮಾರುತ, ನೆರೆ, ಕಾಡ್ಗಿಚ್ಚು ಎಲ್ಲಕ್ಕೂ ಸೇರಿ 19.1 ಬಿಲಿಯನ್‌ನ ಮಸೂದೆಯನ್ನು ಸೆನೆಟ್ ಮೇ 23ಕ್ಕೆ 85-8ರಲ್ಲಿ ಪಾಸ್ ಮಾಡಿತು. ಮರುದಿನ ಹೌಸ್‌ನಲ್ಲಿ ಎಲ್ಲರ ಒಪ್ಪಿಗೆಯ ಮೇಲೆ ಮುಗಿಸಿಬಿಡೋಣ ಅಂದರೆ ಟೆಕ್ಸಸ್‌ನ ಚಿಪ್ ರಾಯ್ ಎದ್ದು ಆಕ್ಷೇಪಿಸಿದರು. ಹೆಚ್ಚಿನ ಸದಸ್ಯರು ಊರಿಗೆ ಹೋಗಿಯಾಗಿತ್ತು. ಒಬ್ಬರ ಆಕ್ಷೇಪ ಸಾಕು, ಮಸೂದೆ ನಿಂತಿತು. ಮುಂದಿನ ವಾರ ಮ್ಯಾಸಿ ಒಮ್ಮೆ, ಟೆನೆಸಿಯ ಜಾನ್ ರೋಸ್ ಒಮ್ಮೆ ಅದೇ ಮಾಡಿದರು. ಕೊನೆಗೆ ಜೂನ್ 3ಕ್ಕೆ 354-58. ಇಷ್ಟು ದೊಡ್ಡ ಮೊತ್ತ ಚರ್ಚೆಯಿಲ್ಲದೆ, ಹಾಜರಿಯಿಲ್ಲದೆ ಹೋಗಬಾರದು ಅನ್ನುವುದು ರಾಯ್ ವಾದ. ವಾದ ಇರಲಿ, ಆದರೆ ಹಣವನ್ನು ಅಷ್ಟು ದಿನ ತಡೆದ ಆ ಕ್ಷಣ ಅವರ ಮತದ ಪಟ್ಟಿಯಲ್ಲಿ ಎಲ್ಲೂ ಕಾಣುವುದಿಲ್ಲ. ಅವತ್ತಿನ ಕಲಾಪದ ದಾಖಲೆ, ಕಾಂಗ್ರೆಷನಲ್ ರೆಕಾರ್ಡ್, ತೆರೆಯಬೇಕು. ಅದೂ ಕಾಂಗ್ರೆಸ್.ಗವ್‌ನಲ್ಲೇ ಇದೆ, ಆದರೆ ತಾರೀಕು ಗೊತ್ತಿದ್ದವರಿಗೆ ಮಾತ್ರ ದಾರಿ ಸಿಗುತ್ತದೆ.

ಊರಿನ ಜೊತೆ ಹೋಲಿಸದೆ ಇರಲಾಗಲಿಲ್ಲ. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಯಿತು. ರಾಜ್ಯ ಕೇಳಿದ್ದು 18,171 ಕೋಟಿ. ಹಣ ಬರಲಿಲ್ಲ ಅಂತ ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು, 2024ರ ಏಪ್ರಿಲ್ ಕೊನೆಗೆ ಸಿಕ್ಕಿದ್ದು ಸುಮಾರು 3,454 ಕೋಟಿ. ಇದರಲ್ಲಿ ನಮ್ಮ ಸಂಸದರು ಯಾರು ಪರ, ಯಾರು ವಿರೋಧ ಅಂತ ಹುಡುಕಲು ಸೈಟೇ ಇಲ್ಲ, ಯಾಕಂದರೆ ಮತವೇ ಇಲ್ಲ. ತೀರ್ಮಾನ ಮಾಡುವುದು ಕೇಂದ್ರದ ಉನ್ನತ ಮಟ್ಟದ ಸಮಿತಿ. ಸಂಸತ್ತಿನ ಕೆಲಸದ ಮೇಲೆ ಕಣ್ಣಿಡುವ ಪಿಆರ್‌ಎಸ್ ಅನ್ನುವ ಸಂಸ್ಥೆಯ ಸೈಟಿನಲ್ಲಿ ಸಂಸದರ ಹಾಜರಿ, ಕೇಳಿದ ಪ್ರಶ್ನೆ, ಭಾಗವಹಿಸಿದ ಚರ್ಚೆ ಸಿಗುತ್ತವೆ, ಒಳ್ಳೆಯ ಸೈಟು. ಆದರೆ ಲೋಕಸಭೆಯಲ್ಲಿ ಹೆಚ್ಚಿನದೆಲ್ಲ ಧ್ವನಿಮತ. ಅಮೆರಿಕದಲ್ಲಿ ಇಂಥದ್ದೊಂದು ದಾಖಲೆ ಇದ್ದೂ ನಾವು ತೆರೆಯದೆ ವಾಟ್ಸ್‌ಆ್ಯಪ್ ಚಿತ್ರ ನಂಬಿ ಕೂತರೆ ಹೇಗೆ?

ನನ್ನ ಲೆಕ್ಕದಲ್ಲಿ ಕಾಂಗ್ರೆಸ್.ಗವ್‌ಗೆ 5ಕ್ಕೆ 4. ಮಾಹಿತಿಯಲ್ಲಿ ಪೂರ್ತಿ ಅಂಕ, ಹುಡುಕುವ ಕಷ್ಟಕ್ಕೆ ಒಂದು ಕಡಿತ. ಗವ್‌ಟ್ರ್ಯಾಕ್‌ಗೂ 4. ನೋಡಲು ಸುಲಭ, ಆದರೆ ಒಂದು ಮಸೂದೆಯ ಒಳಗೆ ಏನಿತ್ತು, ಯಾವ ತಿದ್ದುಪಡಿ ಬಿತ್ತು ಅಂತ ನೋಡಲು ಕೊನೆಗೂ ಕಾಂಗ್ರೆಸ್.ಗವ್‌ಗೇ ಬರಬೇಕು. ಫೋನಲ್ಲಿ ಬೇಡ, ಕಂಪ್ಯೂಟರಿನಲ್ಲಿ ತೆರೆಯಿರಿ. ಉದ್ದದ ಪಟ್ಟಿಗಳು ಸಣ್ಣ ಪರದೆಯಲ್ಲಿ ಓದಲು ಹಿಂಸೆ.

ಹೊಸದಾಗಿ ಶುರು ಮಾಡುವವರು 2024ರಿಂದ ಶುರು ಮಾಡಿ, ನೆನಪು ಹಸಿಯಾಗಿದೆ. ಸೆಪ್ಟೆಂಬರ್ 25ಕ್ಕೆ ಸರ್ಕಾರ ನಡೆಸುವ ತಾತ್ಕಾಲಿಕ ಖರ್ಚಿನ ಮಸೂದೆ ಹೌಸ್‌ನಲ್ಲಿ 341-82ರಲ್ಲಿ ಪಾಸಾಯಿತು. ಫೀಮಾಗೆ ಸುಮಾರು 20 ಬಿಲಿಯನ್ ಬೇಗ ಬಳಸಲು ಅವಕಾಶ ಕೊಟ್ಟದ್ದು ಅದರಲ್ಲೇ. ಮರುದಿನ ರಾತ್ರಿ ಹೆಲೀನ್ ಚಂಡಮಾರುತ ಫ್ಲಾರಿಡಾಗೆ ಬಂತು, ಅಲ್ಲಿಂದ ಆ 82 ಜನರ ಪಟ್ಟಿ ಎಲ್ಲ ಕಡೆ ಓಡಾಡಿತು. ಆಮೇಲೆ ಡಿಸೆಂಬರ್ 20ಕ್ಕೆ ಸುಮಾರು 100 ಬಿಲಿಯನ್ ವಿಪತ್ತು ಪರಿಹಾರ ಇದ್ದ ಮಸೂದೆ, 366-34. ಈ ಎರಡು ಮತಗಳಲ್ಲಿ ನಿಮ್ಮ ಪ್ರತಿನಿಧಿಯ ಹೆಸರು ನೋಡಿ. ಎರಡಕ್ಕೂ ವಿರೋಧ ಇದ್ದರೆ ಅವರ ಕಚೇರಿಗೆ ಫೋನ್ ಮಾಡಿ ಯಾಕೆ ಅಂತ ಕೇಳಿ, ಫೋನ್ ಎತ್ತುವುದು ಅವರ ಸಿಬ್ಬಂದಿಯ ಕೆಲಸವೇ. ಮೊದಲನೆಯದಕ್ಕೆ ವಿರೋಧ, ಎರಡನೆಯದಕ್ಕೆ ಪರ ಇದ್ದರೂ ಕೇಳಿ. ಕೇಳುವಾಗ ಮಸೂದೆಯ ಸಂಖ್ಯೆ, ತಾರೀಕು ಎರಡೂ ಹೇಳಿ, ಆಗ ಅವರು ಬರೆದಿಟ್ಟುಕೊಂಡ ಸಾಮಾನ್ಯ ಉತ್ತರ ಓದಿ ಮುಗಿಸಲು ಆಗುವುದಿಲ್ಲ.